ಗೋಡೆಗೆ ನೋಟಿಸು ಅಂಟಿಸಿದರೆ ಹೊಣೆ ತೀರಿತೆ?

ಮುಂಗಾರು ಕಾಲಿಡುವ ಹೊತ್ತಿಗೆ ಘಟ್ಟದ ಇಳಿಜಾರಿನ ಮನೆಗಳಿಗೆ ಒಂದು ಕಾಗದ ಬರುತ್ತದೆ. ಈ ಸ್ಥಳ ಭೂಕುಸಿತದ ಅಪಾಯಕ್ಕೆ ಒಳಪಟ್ಟಿದೆ, ಮಳೆಗಾಲ ಮುಗಿಯುವವರೆಗೆ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು ಎಂಬುದು ಅದರ ಸಾರಾಂಶ. ಆ ಸುರಕ್ಷಿತ ಸ್ಥಳ ಯಾವುದು, ಅಲ್ಲಿಗೆ ಹೋಗುವುದು ಹೇಗೆ, ಹಟ್ಟಿಯ ದನಗಳನ್ನು ಯಾರು ನೋಡಿಕೊಳ್ಳಬೇಕು, ತಿಂಗಳುಗಟ್ಟಲೆ ಕೂಲಿಯಿಲ್ಲದೆ ಉಣ್ಣುವುದೇನು ಎಂಬ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿರುವುದಿಲ್ಲ. ಸಹಿ ಮಾಡಿಸಿಕೊಂಡವರು ಹೊರಟುಹೋಗುತ್ತಾರೆ. ಗುಡ್ಡ ಜಾರಿದ ಮರುದಿನ ಅದೇ ಸಹಿಯನ್ನು ತೋರಿಸಿ, "ನಾವು ಮೊದಲೇ ಹೇಳಿದ್ದೆವು" ಎನ್ನಲಾಗುತ್ತದೆ.

ಇನ್ನೊಂದೆಡೆ ನಮ್ಮ ಮಾತೂ ಇದೆ. ಅಜ್ಜನ ಕಾಲದಿಂದ ಇಂಥ ಮಳೆಯನ್ನು ಎಷ್ಟು ನೋಡಿಲ್ಲ, ಹುಟ್ಟಿದ ಮಣ್ಣು ಬಿಟ್ಟು ಹೋಗುವುದೆಂತು ಎಂದು ನಾವು ಎದೆ ತಟ್ಟಿ ಹೇಳುತ್ತೇವೆ. ಪರಿಸರ ಚಳವಳಿಯಲ್ಲಿರುವ ನಾವು ಈ ಮಾತಿಗೆ ಚಪ್ಪಾಳೆ ತಟ್ಟಿದ್ದೂ ಉಂಟು. ಆಡಳಿತದ ಕಾಗದ ಎಷ್ಟು ಪೊಳ್ಳೋ ನಮ್ಮ ಈ ಆವೇಶವೂ ಅಷ್ಟೇ ಪೊಳ್ಳು ಎಂಬುದನ್ನು ಇಲ್ಲಿ ನೇರವಾಗಿ ಹೇಳಬೇಕಾಗಿದೆ.

ಕಡಲತೀರ ಕಲಿತದ್ದು

ಮನೆ ಬಿಡುವ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದವರು ಕಡಲತೀರದವರು. 1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. 2013ರ ಅಕ್ಟೋಬರ್ 12ರಂದು 'ಫೈಲಿನ್' ಅದೇ ರಾಜ್ಯದ ಗೋಪಾಲಪುರದ ಬಳಿ ದಡ ಸೇರಿತು. ಈ ಸಲ ಸತ್ತವರ ಸಂಖ್ಯೆ ಕೆಲವು ಹತ್ತುಗಳನ್ನು ದಾಟಲಿಲ್ಲ. ಈ ನಡುವೆ ಬಿರುಗಾಳಿಯೇನೂ ಸೌಮ್ಯವಾಗಿರಲಿಲ್ಲ, ಬದಲಾದದ್ದು ಸಿದ್ಧತೆ. ನೂರಾರು ಆಶ್ರಯ ಕಟ್ಟಡಗಳು ಎದ್ದು ನಿಂತಿದ್ದವು. ಉಳಿದ ದಿನಗಳಲ್ಲಿ ಅವುಗಳಲ್ಲಿ ಶಾಲೆಯೂ ನಡೆಯುತ್ತಿತ್ತು. ಯಾವ ಮನೆಯವರು ಯಾವ ಕಟ್ಟಡಕ್ಕೆ ಹೋಗಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಸುಮಾರು ಹತ್ತು ಲಕ್ಷ ಜನ ಗಾಳಿ ಬರುವ ಮುನ್ನವೇ ಮನೆ ಬಿಟ್ಟಿದ್ದರು. 2019ರ ಮೇ ತಿಂಗಳಲ್ಲಿ 'ಫನಿ' ಬಂದಾಗಲೂ ಹನ್ನೆರಡು ಲಕ್ಷದಷ್ಟು ಜನ ಹೀಗೆಯೇ ಹೊರಟರು.

ಹಣಬಲವೊಂದಿದ್ದರೆ ಸಾಕೆಂದು ತಿಳಿಯುವವರು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ನೋಡಬೇಕು. 2005ರ ಆಗಸ್ಟ್ 29ರಂದು 'ಕತ್ರೀನಾ' ದಡ ಮುಟ್ಟಿತು; ಎಲ್ಲರೂ ನಗರ ಬಿಡಬೇಕೆಂಬ ಕಡ್ಡಾಯ ಆಜ್ಞೆ ಹೊರಟದ್ದು ಅದರ ಹಿಂದಿನ ದಿನ. ಕಾರಿದ್ದವರು ಹೋದರು. ಕಾರಿಲ್ಲದ ಸುಮಾರು ಒಂದು ಲಕ್ಷ ಬಡವರು, ಮುದುಕರು, ರೋಗಿಗಳು ಆ ನಗರದಲ್ಲಿದ್ದರು. ಸಾಕಿದ ನಾಯಿ ಬೆಕ್ಕುಗಳನ್ನು ಬಿಟ್ಟು ಬರಲಾರದೆ ಉಳಿದವರೂ ಅನೇಕರು. ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, ಸ್ಥಳಾಂತರದ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗವಿರಬೇಕೆಂದು 2006ರಲ್ಲಿ ಅಲ್ಲಿ ಕಾನೂನು ಬಂತು. ಹೊರಡಿರಿ ಎಂದು ಆಜ್ಞಾಪಿಸುವುದು ಬೇರೆ, ಹೊರಡಲು ಸಾಧ್ಯವಾಗಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗುಡ್ಡದ ಲೆಕ್ಕ ಬೇರೆ

ಚಂಡಮಾರುತಕ್ಕೆ ಹೆಸರಿದೆ, ದಾರಿಯಿದೆ. ಹವಾಮಾನ ಇಲಾಖೆ ಮೂರು ದಿನ ಮೊದಲೇ ಅದರ ಜಾಡನ್ನು ಹೇಳಬಲ್ಲದು. ಗುಡ್ಡ ಹಾಗಲ್ಲ, ಯಾವ ಇಳಿಜಾರು, ಯಾವ ರಾತ್ರಿ ಎಂದು ಬೆರಳಿಟ್ಟು ತೋರಿಸಲು ವಿಜ್ಞಾನಕ್ಕೆ ಇನ್ನೂ ಆಗುವುದಿಲ್ಲ. ಆದರೆ ಏನೂ ತಿಳಿಯದು ಎಂಬುದೂ ಸುಳ್ಳು.

ನಮ್ಮ ಘಟ್ಟದ ಅನೇಕ ಕಡೆ ಮೇಲುಮಣ್ಣಿನ ಕೆಳಗೆ ಮುರಕಲ್ಲು, ಅದರ ಕೆಳಗೆ ನುಣುಪಾದ ಶೇಡಿಮಣ್ಣು, ಅದರ ಅಡಿಯಲ್ಲಿ ಬಂಡೆ ಇರುತ್ತದೆ. ವಾರಗಟ್ಟಲೆ ಸುರಿದ ಮಳೆ ಮೇಲಿನ ಪದರಗಳಲ್ಲಿ ಇಳಿದು ಶೇಡಿಮಣ್ಣನ್ನು ತಲಪುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿದಾಗ ಒಳಗಿನ ಒತ್ತಡ ಏರಿ, ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬಿಗಿ ಸಡಿಲುತ್ತದೆ. ಹೀಗೆ ನೆನೆದು ಭಾರವಾದ ಗುಡ್ಡದ ಮೇಲೆ ಒಂದೆರಡು ದಿನ ವಿಪರೀತ ಮಳೆ ಬಿದ್ದರೆ ಅದು ಜಾರುತ್ತದೆ. 2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಸೀಮೆಯಲ್ಲಿ ಗುಡ್ಡಗಳು ಸಾಲುಸಾಲಾಗಿ ಕುಸಿದದ್ದು ಹೀಗೆ ನೆನೆದ ನೆಲದ ಮೇಲೆಯೇ. ಆದ್ದರಿಂದ ಇಂದಿನ ಮಳೆಯೊಂದನ್ನೇ ನೋಡಿದರೆ ಸಾಲದು, ಹಿಂದಿನ ಹದಿನೈದು ದಿನಗಳ ಮಳೆಯನ್ನೂ ಕೂಡಿಸಿ ನೋಡಬೇಕು.

ಇದರೊಂದಿಗೆ ಮನುಷ್ಯನ ಕೈವಾಡ ಸೇರುತ್ತದೆ. ಮನೆಗೆ, ರಸ್ತೆಗೆ, ರೆಸಾರ್ಟಿಗೆ ಜೆಸಿಬಿಯಿಂದ ಗುಡ್ಡದ ಬುಡವನ್ನು ನೇರವಾಗಿ ಕಡಿಯಲಾಗಿದೆ. ನೀರಿನ ಸಹಜ ಹರಿವನ್ನು ಮಣ್ಣು ಹಾಕಿ ಮುಚ್ಚಲಾಗಿದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಕುಸಿದು ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿದ್ದು ಹೆದ್ದಾರಿಗಾಗಿ ಕಡಿದ ಗುಡ್ಡವೇ. ಇಲ್ಲಿ ನಮ್ಮ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕು. ನೀರಿಂಗಿಸುವ ಉತ್ಸಾಹದಲ್ಲಿ ಕಡಿದಾದ ಇಳಿಜಾರಿನಲ್ಲೂ ಇಂಗುಗುಂಡಿ ತೋಡಿರೆಂದು ನಮ್ಮಂಥವರು ಉಪದೇಶಿಸಿದ್ದೇವೆ. ಸಮತಟ್ಟಿನಲ್ಲಿ, ಸೌಮ್ಯ ಇಳಿಜಾರಿನಲ್ಲಿ ಅದು ವರ. ಶೇಡಿಮಣ್ಣಿನ ಮೇಲಿನ ಕಡಿದಾದ ಗುಡ್ಡದಲ್ಲಿ ಅದು ಅಪಾಯವನ್ನು ನಾವೇ ಒಳಗೆ ಕರೆದಂತೆ. ಅಲ್ಲಿ ಬೇಕಾದದ್ದು ನೀರನ್ನು ಇಂಗಿಸುವ ಗುಂಡಿಯಲ್ಲ, ಬೇಗನೆ ಸುರಕ್ಷಿತವಾಗಿ ಹೊರಗೆ ಹಾಯಿಸುವ ಚರಂಡಿ.

ಒಂದೇ ಊರು, ಎರಡು ಮಳೆಗಾಲ

ಮಳೆಯ ಲೆಕ್ಕ ಜೀವ ಉಳಿಸಬಲ್ಲದೆ ಎಂದು ಕೇಳುವವರಿಗೆ ನೆರೆಯ ವಯನಾಡಿನ ಮುಂಡಕ್ಕೈ ಉತ್ತರ ಕೊಡುತ್ತದೆ. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಂಸ್ಥೆ ಆ ಜಿಲ್ಲೆಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಕಡೆ ಪ್ರತಿದಿನ ಮಳೆ ಅಳೆಯುವ ವ್ಯವಸ್ಥೆ ಮಾಡಿದೆ. ಅಳೆಯುವವರಲ್ಲಿ ಬೆಳೆಗಾರರೂ ಇದ್ದಾರೆ. 2020ರ ಮಳೆಗಾಲದಲ್ಲಿ ಈ ಲೆಕ್ಕವನ್ನು ಆಧರಿಸಿ ಕೊಟ್ಟ ಎಚ್ಚರಿಕೆಯಂತೆ ಮುಂಡಕ್ಕೈಯ ಜನರನ್ನು ಸ್ಥಳಾಂತರಿಸಲಾಯಿತು. ಗುಡ್ಡ ಕುಸಿಯಿತು, ಜೀವಗಳು ಉಳಿದವು.

2024ರ ಜುಲೈ 29ರ ಬೆಳಿಗ್ಗೆಯೂ ಅದೇ ಸಂಸ್ಥೆ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕಳುಹಿಸಿತು. ಕೆಲವು ಕುಟುಂಬಗಳಷ್ಟೇ ಹೊರಟವು. ಆ ಸೀಮೆಯಲ್ಲಿ 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ಸುರಿದಿತ್ತು. ಜುಲೈ 30ರ ನಡುರಾತ್ರಿ ಕಳೆದ ಮೇಲೆ, ಸುಮಾರು 1,550 ಮೀಟರ್ ಎತ್ತರದಲ್ಲಿ ಬಿರಿದ ಗುಡ್ಡ ಬಂಡೆ, ಮರ, ಕೆಸರುಗಳೊಂದಿಗೆ ಹೊಳೆಯ ಪಾತ್ರದಲ್ಲೇ ಸುಮಾರು 8 ಕಿ.ಮೀ. ಇಳಿದು ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿತು. ಸತ್ತವರೂ ಕಾಣೆಯಾದವರೂ ಸೇರಿ ಸುಮಾರು ಮುನ್ನೂರು ಮಂದಿ. ಕೆಸರಿನಿಂದ ಹೆಣಗಳನ್ನು ತೆಗೆಯುತ್ತಿರುವಾಗಲೇ, ಎಚ್ಚರಿಕೆ ಕೊಟ್ಟಿದ್ದೆವೋ ಇಲ್ಲವೋ ಎಂದು ಕೇಂದ್ರವೂ ರಾಜ್ಯವೂ ಜಗಳಕ್ಕೆ ನಿಂತವು. ಮುನ್ಸೂಚನೆ ಯಾರದ್ದಾದರೇನು? ಅದು ಆ ರಾತ್ರಿ ಮಲಗಿದ್ದ ತೋಟದ ಕಾರ್ಮಿಕರನ್ನು ಎಬ್ಬಿಸಿ ಹೊರಡಿಸಲಿಲ್ಲ ಎಂಬುದೊಂದೇ ಲೆಕ್ಕಕ್ಕೆ ಬರುವ ಸಂಗತಿ. ಗುಡ್ಡದ ಮೇಲಿನ ಮನೆಗಳಿಗಷ್ಟೇ ಅಪಾಯ ಎಂದು ತಿಳಿದ ಹೊಳೆಯಂಚಿನ ನಮ್ಮ ಊರುಗಳೂ ಇದನ್ನು ಮನದಟ್ಟು ಮಾಡಿಕೊಳ್ಳಬೇಕು.

ಹಠವಲ್ಲ, ಅನುಭವ

ಮಲೆನಾಡಿನವನಿಗೆ 'ಸ್ಥಳಾಂತರ' ಎಂಬ ಮಾತು ಕೇಳಿದೊಡನೆ ಮೈ ಬಿಗಿಯಾಗುವುದಕ್ಕೆ ಕಾರಣವಿದೆ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಬಿಟ್ಟ ಶರಾವತಿ ಕಣಿವೆಯ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಕಳೆದರೂ ಅಲೆದದ್ದನ್ನು ಕಂಡವರು ನಾವು. ಮಳೆಗಾಲಕ್ಕೆಂದು ಮನೆ ಬಿಟ್ಟರೆ ಮತ್ತೆ ಒಳಗೆ ಬಿಡುವರೆ ಎಂಬ ಅನುಮಾನ ಅಲ್ಲಿಂದ ಬಂದದ್ದು. ಪೈಸಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ, ಎಸ್ಟೇಟಿನ ಲೈನ್ ಮನೆಗಳಲ್ಲಿರುವವರಿಗೆ ಆ ಅನುಮಾನ ಇನ್ನೂ ಹೆಚ್ಚು. ಜಾನುವಾರುಗಳನ್ನು ಬಿಟ್ಟು ಬನ್ನಿರೆನ್ನುವವರು ಹಾಲು ಮಾರಿ ಬದುಕುವ ಮನೆಯನ್ನು ಅರಿಯದವರು. ಸತ್ತವನ ಕುಟುಂಬಕ್ಕೆ ವಿಪತ್ತು ನಿಧಿಯಿಂದ 4 ಲಕ್ಷ ರೂಪಾಯಿ ಕೊಡುವ ನಿಯಮವಿದೆ. ಸಾಯಬಾರದೆಂದು ಹತ್ತು ದಿನ ಕೂಲಿ ಬಿಟ್ಟು ಬಂದವನ ಕೂಲಿಯನ್ನು ತುಂಬಿಕೊಡುವವರು ಯಾರು?

ಆದರೂ ಹೊರಡಲೇಬೇಕು

ಇಷ್ಟೆಲ್ಲ ನಿಜವಾದರೂ ಉಳಿದುಕೊಳ್ಳುವುದು ಸರಿಯಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ, ವಿರಾಜಪೇಟೆ ತಾಲೂಕಿನ ತೋರದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಾದ ಅದೇ ವಾರ, ನಮ್ಮ ಹಟ್ಟಿಯ ಹಿಂದಿನ ದರೆಯಲ್ಲಿ ಒಂದು ಗೇಣು ಅಗಲದ ಬಿರುಕು ಕಂಡಿತು. ಅದರ ಅರ್ಥ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಮಣ್ಣನ್ನೇ ಓದಿ ಡಾಕ್ಟರೇಟು ಪಡೆದವನು. "ಹಸು ಕರು ಹಾಕಿ ಮೂರು ದಿನವಾಗಿದೆ, ಬಿಟ್ಟು ಹೇಗೆ ಬರಲಿ?" ಎಂದರು ಅಮ್ಮ. ನಾನು ವಾದಿಸಲಿಲ್ಲ. ಎರಡು ರಾತ್ರಿ ಟಾರ್ಚು ಹಿಡಿದು ಜಗಲಿಯಲ್ಲಿ ಕೂತೆವು. ಗುಡ್ಡ ಜಾರಲಿಲ್ಲ. ಆಮೇಲೆ ಊರಿನಲ್ಲಿ ಅದು ಧೈರ್ಯದ ಕಥೆಯಾಯಿತು. ಅದು ಧೈರ್ಯವಾಗಿರಲಿಲ್ಲ. ನಿರ್ಧಾರವನ್ನು ಆ ಹೊತ್ತಿನವರೆಗೆ ಮುಂದೂಡಿದ್ದರ ಫಲ ಅದು. ಬಿರುಕು ಕಂಡ ರಾತ್ರಿ, ಕರೆಂಟಿಲ್ಲದೆ, ರಸ್ತೆಗೆ ಮರ ಬಿದ್ದಿರುವಾಗ, ಯಾವ ಮನೆಯವರೂ ವಿವೇಕದಿಂದ ನಿರ್ಧರಿಸಲಾರರು. ಬದುಕಿ ಉಳಿದೆವೆಂಬುದು ನಾವು ಮಾಡಿದ್ದು ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಹಾಗೆ ಮಾಡಿ ಉಳಿಯದವರು ತಮ್ಮ ಕಥೆ ಹೇಳಲು ಬರುವುದಿಲ್ಲ.

ಹತ್ತು ಸಲ ಹೊರಟು ಹತ್ತು ಸಲವೂ ಗುಡ್ಡ ಜಾರದಿದ್ದರೆ ನಷ್ಟವಾಗುವುದು ಕೆಲವು ದಿನಗಳ ಕೂಲಿ, ಒಂದಿಷ್ಟು ನಿದ್ದೆ. ಒಂದು ಸಲ ಹೊರಡದೆ ಅದು ಜಾರಿದರೆ ಆಗುವ ನಷ್ಟವನ್ನು ತುಂಬುವ ನಿಧಿ ಯಾವ ಸರ್ಕಾರದಲ್ಲೂ ಇಲ್ಲ. ಹತ್ತು ರಾತ್ರಿ ಮನೆ ಬಿಡುವುದು ನೆಲ ಬಿಡುವುದಲ್ಲ. ನೆಲಕ್ಕಾಗಿ ಹೋರಾಡಲು ಮೊದಲು ನಾವು ಇರಬೇಕು.

ನಾವು ಮಾಡಬೇಕಾದದ್ದು, ಕೇಳಬೇಕಾದದ್ದು

ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವ ಹಳೆಯ ಪುಸ್ತಕಗಳಿವೆ. ಅವುಗಳನ್ನು ಹೊರಗೆ ತೆಗೆಯೋಣ. ನಮ್ಮ ಊರಿನಲ್ಲಿ ದರೆ ಜರಿದ ವರ್ಷಗಳಲ್ಲಿ ಎಷ್ಟು ಮಳೆಯಾಗಿತ್ತೆಂದು ನೋಡಿ, ಬೇಸಿಗೆಯಲ್ಲೇ ಗ್ರಾಮಸಭೆ ಒಂದು ಮಿತಿಯನ್ನು ನಿಶ್ಚಯಿಸಲಿ. ಹವಾಮಾನ ಇಲಾಖೆ ಒಂದು ದಿನಕ್ಕೆ 204.5 ಮಿ.ಮೀ., ಅಂದರೆ ಸುಮಾರು 8 ಇಂಚು ಮುಟ್ಟಿದ ಮಳೆಯನ್ನು ಅತ್ಯಂತ ಭಾರೀ ಮಳೆಯೆಂದು ಕರೆಯುತ್ತದೆ. ಆದರೆ ನೆನೆದ ಗುಡ್ಡ ಅಷ್ಟಕ್ಕೂ ಕಾಯಬೇಕಾಗಿಲ್ಲ. ಮಿತಿ ಮುಟ್ಟಿದ ದಿನ ಹಗಲಿರುವಾಗಲೇ ಹೊರಡುವುದು, ಆಗ ಚರ್ಚೆಯಿಲ್ಲ. ದರೆಯಲ್ಲಿ ಬಿರುಕು, ವಾಲಿದ ಮರ ಮತ್ತು ಕಂಬ, ಬಿಗಿಯಾದ ಬಾಗಿಲು, ಇಲ್ಲದ ಕಡೆ ಉಕ್ಕಿದ ಜಲ, ಹಠಾತ್ತನೆ ಕೆಂಪಾದ ಅಥವಾ ಸದ್ದು ನಿಂತ ಹೊಳೆ, ಇವುಗಳಲ್ಲಿ ಒಂದು ಕಂಡರೂ ಮಿತಿಗೆ ಕಾಯಬಾರದು. ವಿದ್ಯಾರ್ಥಿ ಮಿತ್ರರು ಊರಿನ ಹಳೆಯ ಕುಸಿತಗಳ, ಮುಚ್ಚಿಹೋದ ತೋಡುಗಳ, ಒಂಟಿ ವೃದ್ಧರಿರುವ ಮನೆಗಳ ನಕ್ಷೆ ತಯಾರಿಸಲಿ.

ಆಡಳಿತದಿಂದ ನಾವು ಕೇಳುವುದು ದಾನವಲ್ಲ. ಮುನ್ನೆಚ್ಚರಿಕೆಯ ವ್ಯವಸ್ಥೆ ರೂಪಿಸುವುದು, ಆಶ್ರಯಕ್ಕೆ ಕಟ್ಟಡಗಳನ್ನು ಗುರುತಿಸುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಕರ್ತವ್ಯ. ನೋಟಿಸಿನಲ್ಲಿ ಆಶ್ರಯ ಕಟ್ಟಡದ ಹೆಸರಿರಲಿ, ಕರೆದೊಯ್ಯುವ ವಾಹನದ ಏರ್ಪಾಡಿರಲಿ. ಪಕ್ಕದಲ್ಲಿ ದನಗಳಿಗೆ ಕೊಟ್ಟಿಗೆಯಿರಲಿ, ಮೇವಿರಲಿ. ಶಿಬಿರದ ದಿನಗಳ ಕೂಲಿ ಸಿಗಲಿ. ಮಳೆ ನಿಂತ ಮೇಲೆ ಮನೆಗೆ ಮರಳುವ ಹಕ್ಕನ್ನು ಅದೇ ಕಾಗದದಲ್ಲಿ ಬರೆದು ಕೊಡಲಿ. ಮರಳಲು ಸಾಧ್ಯವೇ ಇಲ್ಲದ ಜಾಗವಾದರೆ ಬದಲಿ ಜಾಗದ ಹಕ್ಕುಪತ್ರ ಮೊದಲು ಬರಲಿ. ಇವಿಷ್ಟೂ ಇಲ್ಲದ ನೋಟಿಸಿಗೆ, ಇವಿಷ್ಟನ್ನೂ ಲಿಖಿತವಾಗಿ ಕೇಳಿ ಸಹಿ ಮಾಡೋಣ, ಪ್ರತಿಯೊಂದನ್ನು ಇಟ್ಟುಕೊಳ್ಳೋಣ.

ಮುಂದಿನ ಮುಂಗಾರಿಗೆ ಮೊದಲು ಪ್ರತಿ ಊರಿನ ಗ್ರಾಮಸಭೆಯಲ್ಲಿ ಈ ವಿಷಯ ಬರಬೇಕು. ಉತ್ತರ ಬರಲಿ, ಬಾರದಿರಲಿ, ಮಿತಿ ಮುಟ್ಟಿದ ದಿನ ನಾವು ಹೊರಡೋಣ. ಕರುವನ್ನೂ ಕರೆದುಕೊಂಡೇ ಹೊರಡೋಣ.