ಕಾರ್ಡು ಕೊಳ್ಳುವ ಮುನ್ನ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಯಂತ್ರದ ವಿಚಾರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಕಿರುಚಿತ್ರದ ಸಂಕಲನ, ಭೂಪಟ ರಚನೆ, ಚಿತ್ರಕಲೆ ಇವೆಲ್ಲವೂ ಇಂದು ಕಂಪ್ಯೂಟರಿನ ಮೇಲೆಯೇ ನಡೆಯುತ್ತಿರುವಾಗ, ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ನಮ್ಮದೂ ಹೌದು. ಕಚೇರಿಗಳಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪನ್ನು ಅಗ್ಗಕ್ಕೆ ಕೊಂಡು, ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಅದಕ್ಕೊಂದು ಕಾರ್ಡು ಹಾಕಿಸಬಯಸುವ ಮಿತ್ರರಿಗೆ ನಾನು ಹೇಳುವುದಿಷ್ಟೆ: ಕಾರ್ಡನ್ನು ಮೆಚ್ಚಿ ಯಂತ್ರವನ್ನು ಅದಕ್ಕೆ ಒಗ್ಗಿಸಲು ಹೊರಡಬೇಡಿ, ಯಂತ್ರವನ್ನು ಅರಿತು ಅದಕ್ಕೆ ಒಗ್ಗುವ ಕಾರ್ಡನ್ನು ಆರಿಸಿರಿ.

ಮೊದಲನೆಯದು ವಿದ್ಯುತ್ತು. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಮೀರಿದರೆ ಪವರ್ ಸಪ್ಲೈಯಿಂದ ಬೇರೆ ತಂತಿ ಬರಬೇಕು. 6 ಪಿನ್ನಿನದು ಮತ್ತೆ 75, 8 ಪಿನ್ನಿನದು 150 ವ್ಯಾಟ್ ಒದಗಿಸುತ್ತದೆ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಬೇಡುವುದು 170 ವ್ಯಾಟ್. ಅದಕ್ಕೆ 550 ವ್ಯಾಟಿನ ಸಪ್ಲೈ ಬೇಕೆಂದು ತಯಾರಕರೇ ಹೇಳಿದ್ದಾರೆ. ಕಚೇರಿಯ ಯಂತ್ರಗಳಲ್ಲಿ ಅನೇಕಕ್ಕೆ ಈ ತಂತಿಯೇ ಇರುವುದಿಲ್ಲ. ಕೆಲವಕ್ಕೆ ಸಪ್ಲೈಯ ಆಕಾರವೇ ಬೇರೆಯಾಗಿದ್ದು, ಪೇಟೆಯ ಸಾಮಾನ್ಯ ಸಪ್ಲೈ ಹಿಡಿಸದು. ಅಂಥಲ್ಲಿ 2019ರ ಜಿಟಿಎಕ್ಸ್ 1650ರಂತೆ, ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಮಾದರಿಯೇ ಸರಿ.

ಎರಡನೆಯದು ಸ್ಥಳ. ಕಾರ್ಡಿನ ಉದ್ದವನ್ನೂ ದಪ್ಪವನ್ನೂ ಪೆಟ್ಟಿಗೆಯೊಳಗೆ ಸ್ಕೇಲಿಟ್ಟು ಅಳೆಯಬೇಕು. ತೆಳು ಪೆಟ್ಟಿಗೆಗೆ ಗಿಡ್ಡ ಕಾರ್ಡೇ ಬೇಕು.

ಮೂರನೆಯದು ಸ್ಲಾಟು. ಹೊಸ ಕಾರ್ಡು ಹಳೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುವುದು ನಿಜ. ಆದರೆ ಕೂರುವುದು ಬೇರೆ, ದುಡಿಯುವುದು ಬೇರೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ದತ್ತಾಂಶವನ್ನು ನಾಲ್ಕೇ ಹಾದಿಗಳಲ್ಲಿ ಸಾಗಿಸುತ್ತದೆ. ನಾಲ್ಕನೆಯ ತಲೆಮಾರಿನ ಸ್ಲಾಟಿನಲ್ಲಿ ಅದು ಸಾಕು; ಮೂರನೆಯ ತಲೆಮಾರಿನಲ್ಲಿ ಪ್ರತಿ ಹಾದಿಯ ವೇಗ ಅರ್ಧಕ್ಕಿಳಿದು, ಕೆಲವು ಕೆಲಸಗಳಲ್ಲಿ ಕಾರ್ಡು ಕುಂಟುತ್ತದೆ. ಹಳೆಯ ಯಂತ್ರಕ್ಕೆಂದು ಅಗ್ಗದ ಕಾರ್ಡು ಕೊಂಡವನಿಗೇ ನಷ್ಟ ಹೆಚ್ಚು! ಪ್ರೊಸೆಸರು ನಿಧಾನವಾಗಿದ್ದರಂತೂ ಎಷ್ಟು ಬೆಲೆಯ ಕಾರ್ಡಾದರೂ ಕೈಕಟ್ಟಿ ಕಾಯಬೇಕಾಗುತ್ತದೆ.

“ದೊಡ್ಡ ಕಾರ್ಡು ಕೊಂಡರೆ ಮುಂದಿನ ಯಂತ್ರಕ್ಕೂ ಆದೀತು” ಎಂಬ ವಾದವುಂಟು. ಆ ಮುಂದಿನ ಯಂತ್ರ ಬರುವವರೆಗೆ ಹಣವೆಲ್ಲ ಡಬ್ಬದಲ್ಲೇ ಕೊಳೆಯುತ್ತದಲ್ಲವೆ? ಸಾಮಾನ್ಯ ಅಳತೆಯ ಪೆಟ್ಟಿಗೆಯಿದ್ದವರು ಹೆಚ್ಚಿನ ಹಣವನ್ನು ಒಳ್ಳೆಯ ಸಪ್ಲೈಗೆ ಹಾಕಲಿ. ಅದು ಇಂದೂ ದುಡಿಯುತ್ತದೆ, ನಾಳೆಯ ಯಂತ್ರಕ್ಕೂ ಒದಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯನ್ನು ಮೊದಲು ಅಳೆಯಬೇಕೆಂಬುದೂ ಆ ಮಾತಿನಲ್ಲೇ ಇದೆ.