ಹುಟ್ಟುಗುಣವೆಂಬ ನೆಪ

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಕುಡಿದು ಬಂದು ಹೆಂಡತಿಗೆ ಹೊಡೆಯುವವನ ಬಗ್ಗೆ ಊರಿನ ಹಿರಿಯರು ಕೊಡುವ ತೀರ್ಪು ಇದೇ. ಕೂಲಿಯಲ್ಲಿ ಮೋಸಮಾಡುವ ಧಣಿಯ ಬಗ್ಗೆ ಕೂಲಿಯವರು ನಿಟ್ಟುಸಿರಿಟ್ಟು ಆಡುವ ಮಾತೂ ಇದೇ. ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ಕಾಡುವ ಹುಡುಗನ ಮನೆಯವರಂತೂ "ವಯಸ್ಸಿಗೆ ಸಹಜವಾದುದು" ಎಂದು ನಕ್ಕು ಸುಮ್ಮನಾಗುತ್ತಾರೆ. ಈಚೆಗೆ ಈ ಗಾದೆಗೆ ವಿಜ್ಞಾನದ ಅಂಗಿಯನ್ನೂ ತೊಡಿಸಲಾಗಿದೆ. ಮನುಷ್ಯನೂ ಒಂದು ಪ್ರಾಣಿ; ಪ್ರಾಣಿಯನ್ನು ನಡೆಸುವುದು ಸಹಜ ಪ್ರವೃತ್ತಿ; ಆದುದರಿಂದ ಮನುಷ್ಯನನ್ನು ದೂಷಿಸಿ ಫಲವಿಲ್ಲ ಎಂಬುದು ಅದರ ತರ್ಕ. ಓದುಗ ಮಿತ್ರರೇ, ಈ ತರ್ಕ ಸುಳ್ಳು. ಸುಳ್ಳು ಮಾತ್ರವಲ್ಲ, ಬಲಹೀನರ ಪಾಲಿಗೆ ಕ್ರೂರವೂ ಹೌದು.

ಸಹಜ ಪ್ರವೃತ್ತಿಯೇ ಇಲ್ಲವೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಅದನ್ನು ಕಣ್ಣಾರೆ ಕಾಣಬೇಕಾದರೆ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯ ಯಾವುದಾದರೂ ಹುಳು ಸಾಕುವ ಮನೆಯನ್ನು ಹೊಕ್ಕು ನೋಡಿರಿ. ಮೊಟ್ಟೆಯೊಡೆದು ಬಂದ ಮರಿ ತನ್ನ ತಂದೆತಾಯಿಯನ್ನು ಕಂಡಿಲ್ಲ. ಆದರೂ ಅದು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತದೆ. ನಾಲ್ಕು ಬಾರಿ ಜ್ವರಕ್ಕೆ ಕೂತು ಪೊರೆ ಕಳಚುತ್ತದೆ. ಹಣ್ಣಾದಾಗ ಸೊಪ್ಪನ್ನು ಬಿಟ್ಟು ತಲೆಯೆತ್ತಿ ಆಸರೆಯನ್ನು ಹುಡುಕುತ್ತದೆ. ಚಂದ್ರಿಕೆಯ ಮೇಲೆ ಬಿಟ್ಟೊಡನೆ ತಲೆಯನ್ನು ಇಂಗ್ಲಿಷಿನ 8ರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಉತ್ತಮ ದ್ವಿತಳಿ ಗೂಡಿನಲ್ಲಿ ಒಂದು ಕಿಲೋಮೀಟರಿಗೂ ಮಿಗಿಲಾದ ಒಂದೇ ಎಳೆ ಇರುತ್ತದೆ. ಈ ವಿದ್ಯೆಯನ್ನು ಅದಕ್ಕೆ ಕಲಿಸಿದ ಗುರುವಿಲ್ಲ.

ಈ ಅದ್ಭುತಕ್ಕೆ ಒಂದು ಮಿತಿಯುಂಟು. ಪ್ರವೃತ್ತಿಗೆ "ಏಕೆ?" ಎಂದು ಕೇಳಲು ಬಾರದು. ಮೂಲೆಯೂ ಆಸರೆಯೂ ಇಲ್ಲದ ಸಮತಟ್ಟಾದ ಹಲಗೆಯ ಮೇಲೆ ಹಣ್ಣುಹುಳುವನ್ನು ಬಿಟ್ಟರೆ ಅದು ಗೂಡನ್ನು ಕಟ್ಟಲಾರದೆ ನೂಲನ್ನು ಹಾಳೆಯಂತೆ ಹರಡಿಬಿಡುತ್ತದೆ. ಹೆಣ್ಣು ಚಿಟ್ಟೆ ಗಂಡನ್ನು ಸೆಳೆಯುವ ವಾಸನೆಯ ದ್ರವ್ಯವನ್ನು ಜರ್ಮನಿಯ ಬ್ಯೂಟೆನಾಂಟ್ ಎಂಬ ವಿಜ್ಞಾನಿ ಸುಮಾರು ಐದು ಲಕ್ಷ ರೇಷ್ಮೆ ಚಿಟ್ಟೆಗಳಿಂದ ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಆ ದ್ರವ್ಯದ ಲವಲೇಶ ಸೋಕಿದ ಕಡ್ಡಿಯನ್ನು ಹಿಡಿದರೂ ಗಂಡು ಚಿಟ್ಟೆ ರೆಕ್ಕೆ ಬಡಿಯುತ್ತ ಅದರತ್ತ ಧಾವಿಸುತ್ತದೆ. ಫ್ರಾನ್ಸಿನ ಕೀಟಶಾಸ್ತ್ರಜ್ಞ ಫೇಬರ್ 1896ರಲ್ಲಿ ಒಂದರ ಹಿಂದೊಂದು ಸಾಗುವ ಜಾತಿಯ ಕಂಬಳಿಹುಳುಗಳನ್ನು ಒಂದು ದೊಡ್ಡ ಕುಂಡದ ಅಂಚಿನಲ್ಲಿ ಕಂಡರು. ಮುಂದಾಳು ಯಾರೆಂಬುದೇ ಇಲ್ಲದ ಆ ಸಾಲು ಹಸಿವು, ಚಳಿಗಳ ನಡುವೆಯೂ ಏಳು ದಿನ ಅದೇ ಅಂಚನ್ನು ಸುತ್ತಿತು. ನಮ್ಮ ಹಳ್ಳಿಗಳಲ್ಲಿಯೂ ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುವ ರೂಢಿಯಿತ್ತು. ಆ ಮೂಕತಾಯಿ ತೊಗಲನ್ನು ನೆಕ್ಕುತ್ತ ಹಾಲಿಳಿಸುತ್ತಿತ್ತು. ಹುಳುವನ್ನಾಗಲಿ ಹಸುವನ್ನಾಗಲಿ ಇದಕ್ಕಾಗಿ ನಾವು ದೂಷಿಸುವುದಿಲ್ಲ. ಬೇರೆ ದಾರಿಯಿರದವರ ಮೇಲೆ ದೋಷ ಹೊರಿಸಲಾಗದು.

ಆದರೆ ಗಾದೆ ಹೇಳುವಂತೆ ಹುಟ್ಟುಗುಣ ಅಳಿಸಲಾರದ ಬರಹವೇ? ರೇಷ್ಮೆ ಚಿಟ್ಟೆಯೇ ಇದಕ್ಕೆ ಉತ್ತರ. ಅದರ ಕಾಡಿನ ಬಂಧು ಇಂದಿಗೂ ಹಾರುತ್ತದೆ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಸಾಕು ಚಿಟ್ಟೆಗೆ ರೆಕ್ಕೆಯಿದ್ದೂ ಹಾರಲು ಬಾರದು. ಅದರ ಹುಳು ಸೊಪ್ಪನ್ನು ಅರಸಿ ಅಲೆಯದೆ ತಟ್ಟೆಯಲ್ಲಿಯೇ ಉಳಿಯುತ್ತದೆ. ಹುಳುವಿನ ಹುಟ್ಟುಗುಣವೇ ಹೀಗೆ ಬದಲಾದ ಮೇಲೆ, ಬುದ್ಧಿಯುಳ್ಳ ಮನುಷ್ಯನ ಗುಣ ಬದಲಾಗದೆಂದು ಹೇಳುವ ಧೈರ್ಯ ನಮಗೆ ಎಲ್ಲಿಂದ ಬಂತು?

ಈಗ ಹುಳುವಿನ ಮನೆಯಿಂದ ನೂಲು ಬಿಚ್ಚುವ ಮನೆಗೆ ಬನ್ನಿರಿ. ಗೂಡಿನ ಅಂಟು ಕರಗಿ ಎಳೆ ಸಿಗಬೇಕಾದರೆ ಅದನ್ನು ಬಿಸಿನೀರಿನಲ್ಲಿ ಬೇಯಿಸಬೇಕು. ಹಳೆಯ ಚರಕದ ಪದ್ಧತಿಯಲ್ಲಿ ಆ ಸುಡುವ ನೀರಿಗೇ ಬೆರಳಿಟ್ಟು ಎಳೆಯನ್ನು ಹಿಡಿಯಬೇಕು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರ ವರದಿಗಳಲ್ಲಿ ಜಗತ್ತಿನ ಮುಂದಿಟ್ಟಿತು. ಜೀತಪದ್ಧತಿಯನ್ನು ಕಾನೂನು 1976ರಲ್ಲಿಯೇ ರದ್ದುಗೊಳಿಸಿತ್ತೆಂಬುದನ್ನು ಮರೆಯದಿರೋಣ. ಆಗ ಕೇಳಿಬರುತ್ತಿದ್ದ ಸಮರ್ಥನೆಗಳಾದರೂ ಎಂಥವು? ಮಕ್ಕಳ ಬೆರಳು ಈ ಕೆಲಸಕ್ಕೆಂದೇ ಹುಟ್ಟಿದ್ದು. ಕಸುಬು ಅವರ ರಕ್ತದಲ್ಲಿಯೇ ಇದೆ. ಲಾಭವನ್ನು ನೋಡುವುದು ಮನುಷ್ಯ ಸಹಜ.

ಸ್ವಲ್ಪ ನಿಂತು ಯೋಚಿಸಿರಿ. ಸುಡುವ ನೀರು ತಗುಲಿದೊಡನೆ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ದೇಹಕ್ಕೆ ಹುಟ್ಟಿನಿಂದ ಬಂದ ಗುಣ. ಯಾವ ತಾಯಿಯೂ ಅದನ್ನು ಮಗುವಿಗೆ ಕಲಿಸಬೇಕಿಲ್ಲ. ಹಾಗಾದರೆ ಆ ಕೋಣೆಯಲ್ಲಿ ನಿಜವಾದ ಸಹಜ ಪ್ರವೃತ್ತಿ ಯಾರದು? ಹಿಂದಕ್ಕೆ ಸರಿಯಬಯಸಿದ ಮಗುವಿನ ಕೈಯದು. ಅದನ್ನು ಮತ್ತೆ ಮತ್ತೆ ನೀರಿಗೆ ತಳ್ಳಿದ್ದು ಪ್ರವೃತ್ತಿಯಲ್ಲ. ಸಾಲದ ಲೆಕ್ಕ, ಮುಂಗಡದ ಹಣ, ದೊಡ್ಡವರ ಕೂಲಿಗಿಂತ ಅಗ್ಗವಾದ ಕೂಲಿ. ಲೆಕ್ಕ ಹಾಕಿ, ಯೋಚಿಸಿ, ಒಪ್ಪಂದ ಮಾಡಿಕೊಂಡು ಎಸಗಿದ ಕೃತ್ಯವನ್ನು "ಸಹಜ" ಎನ್ನುವುದು ಪ್ರಾಣಿಗಳಿಗೆ ಮಾಡುವ ಅಪಮಾನ. ಯಾವ ಪಶುವೂ ಇನ್ನೊಂದರ ಮರಿಯನ್ನು ಸಾಲಕ್ಕೆ ಬರೆಸಿಕೊಳ್ಳುವುದಿಲ್ಲ.

"ಆದರೆ ಹಿಂಸೆ ನಮ್ಮ ರಕ್ತದಲ್ಲಿಯೇ ಇದೆಯೆಂದು ದೊಡ್ಡ ವಿಜ್ಞಾನಿಗಳೇ ಹೇಳಿದ್ದಾರಲ್ಲ?" ಎಂದು ನೀವು ಕೇಳಬಹುದು. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿ 1973ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕೊನ್ರಾಡ್ ಲೊರೆಂಜ್, ಆಕ್ರಮಣಶೀಲತೆ ಮನುಷ್ಯನಲ್ಲಿಯೂ ಹುಟ್ಟಿನಿಂದ ಬಂದದ್ದೆಂದು 1963ರ ತಮ್ಮ ಗ್ರಂಥದಲ್ಲಿ ವಾದಿಸಿದ್ದು ನಿಜ. ಆದರೆ ಅದನ್ನು ಒಳ್ಳೆಯ ದಾರಿಗೆ ಹರಿಸಲು ಸಾಧ್ಯವೆಂದೂ ಅವರೇ ನಂಬಿದ್ದರು. ಮುಂದೆ 1986ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಸೇರಿದ ಹಲವು ದೇಶಗಳ ವಿದ್ವಾಂಸರು, ಯುದ್ಧವನ್ನು ನಾವು ಪ್ರಾಣಿ ಪೂರ್ವಜರಿಂದ ಬಳುವಳಿಯಾಗಿ ಪಡೆದಿದ್ದೇವೆ ಎನ್ನುವುದು ವೈಜ್ಞಾನಿಕವಾಗಿ ಸರಿಯಲ್ಲವೆಂದು ಸಾರಿದರು. 1989ರಲ್ಲಿ ಯುನೆಸ್ಕೋ ಆ ಹೇಳಿಕೆಯನ್ನು ಅಂಗೀಕರಿಸಿತು.

ಇಷ್ಟು ದೂರ ಹೋಗುವುದೂ ಬೇಕಿಲ್ಲ. ಕೋಪ ತಡೆಯಲಾಗದೆ ಹೆಂಡತಿಯ ಮೇಲೆ ಕೈ ಮಾಡಿದೆನೆನ್ನುವವನನ್ನು ಒಂದೇ ಪ್ರಶ್ನೆ ಕೇಳಿರಿ: "ಮೇಲಧಿಕಾರಿ ಬೈದಾಗ ಆ ಕೋಪ ಎಲ್ಲಿ ಹೋಗಿತ್ತಪ್ಪ?" ಅಲ್ಲಿ ಕೈಕಟ್ಟಿ ನಿಂತವನು ಇಲ್ಲಿ ಕೈಯೆತ್ತುತ್ತಾನೆ. ಎದುರಿನವರ ಬಲವನ್ನು ಅಳೆದು ಬರುವ ಕೋಪಕ್ಕೆ ತಡೆಯಲಾಗದ ಪ್ರವೃತ್ತಿಯೆಂಬ ಹೆಸರು ಸಲ್ಲದು. ಹೆಣ್ಣುಮಕ್ಕಳನ್ನು ಕಾಡುವ ಹುಡುಗನೂ ಪೊಲೀಸರ ಎದುರಿನಲ್ಲಿ ಸಭ್ಯನಾಗಿಯೇ ನಡೆದುಕೊಳ್ಳುತ್ತಾನೆ. ಅಂಕೆ ಅವರ ಕೈಯಲ್ಲಿಯೇ ಇದೆ; ಅದನ್ನು ಬಳಸುವ ಮನಸ್ಸು ಇಲ್ಲ.

ಪ್ರಾಣಭಯಕ್ಕಿಂತ ಪ್ರಬಲವಾದ ಪ್ರವೃತ್ತಿ ಜೀವಿಗಳಲ್ಲಿ ಬೇರೊಂದಿಲ್ಲ. ಆ ಭಯವನ್ನೂ ಮನುಷ್ಯ ಮೀರಬಲ್ಲನೆಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವೇ ಸಾಕ್ಷಿ. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧಾಜ್ಞೆಯಿದ್ದರೂ ರಾಷ್ಟ್ರಧ್ವಜದ ಸತ್ಯಾಗ್ರಹಕ್ಕೆ ಜನ ಸೇರಿದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಸೇರಿದವರು ವೀರಕುಲದಲ್ಲಿ ಹುಟ್ಟಿಬಂದವರೇನಲ್ಲ. ಹೆಚ್ಚಿನವರು ಸುತ್ತಮುತ್ತಲ ಹಳ್ಳಿಗಳ ಸಾಮಾನ್ಯ ಜನ. ಭಯ ಅವರಿಗೂ ಇದ್ದೀತು. ಆದರೆ ಭಯವು ಹೇಳಿದಂತೆ ಅವರು ಮನೆಯಲ್ಲಿ ಕೂರಲಿಲ್ಲ.

ಇಂದು ಶಿಡ್ಲಘಟ್ಟದ ರೇಷ್ಮೆ ಉದ್ಯಮಕ್ಕೆ ಸ್ವಯಂಚಾಲಿತ ಯಂತ್ರಗಳು ಬಂದಿವೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ದುಡಿಸುವಂತಿಲ್ಲ. ಆದರೆ ಶಾಲೆಯ ವೇಳೆ ಮುಗಿದ ಮೇಲೆ ಅಪಾಯವಿಲ್ಲದ ಕೆಲಸದಲ್ಲಿ ಕುಟುಂಬಕ್ಕೆ ನೆರವಾಗಬಹುದೆಂಬ ವಿನಾಯಿತಿಯಿದೆ. "ಮನೆಯ ಮಗು, ಮನೆಯ ಕಸುಬು, ಇದು ಸಹಜ" ಎಂಬ ಹಳೆಯ ಮಾತು ಮತ್ತೆ ನುಸುಳುವುದು ಈ ಬಾಗಿಲಿನಿಂದಲೇ. ಕಾನೂನಿನ ಕಣ್ಣು ಪ್ರತಿ ಮನೆಯ ಹಿತ್ತಲನ್ನು ನೋಡಲಾರದು; ನೆರೆಯವರ ಕಣ್ಣು ನೋಡಬಲ್ಲದು.

ಆದುದರಿಂದ, ಓದುಗರೇ, ಆ ಗಾದೆ ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, ಇದನ್ನು ಹೇಳುವುದರಿಂದ ಯಾರಿಗೆ ಅನುಕೂಲವೆಂದು ಕೇಳಿಕೊಳ್ಳಿರಿ. ಪೆಟ್ಟು ತಿಂದವಳಿಗೆ ಅದರಿಂದ ಅನುಕೂಲವಾದದ್ದಿಲ್ಲ. ಬೆರಳು ಸುಟ್ಟುಕೊಂಡ ಮಗುವಿಗೂ ಇಲ್ಲ. ಹೊಡೆದವನೂ ದುಡಿಸಿದವನೂ ಮಾತ್ರ ಅದರ ನೆರಳಿನಲ್ಲಿ ನೆಮ್ಮದಿಯಾಗಿದ್ದಾರೆ. ಆ ನೆರಳನ್ನು ಅವರಿಗೆ ಒದಗಿಸುವುದನ್ನು ನಾವು ನಿಲ್ಲಿಸೋಣ. ಮುಂದಿನ ಸಲ ಶಾಲೆಯ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವ ಮಗುವನ್ನು ಕಂಡರೆ, ಅದು ಯಾವ ತರಗತಿಯಲ್ಲಿ ಓದುತ್ತಿದೆಯೆಂದು ಮನೆಯವರನ್ನು ಕೇಳಿರಿ. ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿರಿ.