ಎರಡು ಸೈಕಲ್, ಎರಡೇ ಕುರ್ಚಿ

1895ರ ಜುಲೈ 26ರಂದು ಪ್ಯಾರಿಸ್ ಬಳಿಯ ಸೋ ಪಟ್ಟಣದಲ್ಲಿ ವಿಜ್ಞಾನಿಗಳಾದ ಮೇರಿ ಮತ್ತು ಪಿಯರಿ ಕ್ಯೂರಿ ಅವರ ಮದುವೆ ಸರಳವಾಗಿ ನಡೆಯಿತು. ಉಡುಗೊರೆಯಾಗಿ ಬಂದ ಹಣದಲ್ಲಿ ದಂಪತಿಗಳು ಕೊಂಡದ್ದು ಎರಡು ಸೈಕಲ್! ಮಧುಚಂದ್ರವೂ ಅವುಗಳ ಮೇಲೆಯೇ. ಹಳ್ಳಿಗಾಡಿನ ದಾರಿ, ಊಟಕ್ಕೆ ಬ್ರೆಡ್ಡು, ಚೀಸು, ಹಣ್ಣು.

ಬಳಿಕ ಪ್ಯಾರಿಸಿನ ಗ್ಲಾಸಿಯೇರ್ ಬೀದಿಯಲ್ಲಿ ಮೂರು ಪುಟ್ಟ ಕೋಣೆಗಳ ಬಾಡಿಗೆ ಮನೆ ಹಿಡಿದರು. ಕಿಟಕಿಯಾಚೆ ದೊಡ್ಡ ತೋಟ. ಪಿಯರಿಯ ತಂದೆ ಪೀಠೋಪಕರಣ ಕೊಡುತ್ತೇನೆಂದರೂ ಇವರು ಒಲ್ಲೆವೆಂದರು. ಸೋಫಾ ಬಂದರೆ ದಿನವೂ ಧೂಳು ಒರೆಸಬೇಕು. ಓದಿಗೆ ಅಷ್ಟು ಹೊತ್ತು ಖೋತಾ. ಒಂದು ಮೇಜು, ಅದರ ಎರಡು ತುದಿಗೆ ಎರಡು ಕುರ್ಚಿ, ಒಂದಿಷ್ಟು ಪುಸ್ತಕ. ಅತಿಥಿಗೆಂದು ಮೂರನೆಯ ಕುರ್ಚಿಯೇ ಇರಲಿಲ್ಲ!

ಹೀಗೆ ಹೊತ್ತನ್ನು ಜೋಪಾನ ಮಾಡಿದವರು ಸೈಕಲ್ಲನ್ನು ಮಾತ್ರ ಬಿಡಲಿಲ್ಲ. ರಜೆ ಬಂತೆಂದರೆ ಸವಾರಿ ಹೊರಟೇಬಿಡುತ್ತಿದ್ದರು. 1896ರಲ್ಲಿ ಮೇರಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಮೊದಲಿಗರಾದರು. 1898ರಲ್ಲಿ ದಂಪತಿಗಳು ಪೊಲೋನಿಯಂ, ರೇಡಿಯಂ ಧಾತುಗಳನ್ನು ಪತ್ತೆ ಮಾಡಿದರು. 1903ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪರೀಕ್ಷೆ ಹತ್ತಿರವಾಯಿತೆಂದು ಮಕ್ಕಳ ಸೈಕಲ್ಲಿಗೆ ಬೀಗ ಹಾಕುವ ಪಾಲಕರು, ಮನೆಯಲ್ಲಿ ಅವರ ಹೊತ್ತನ್ನು ನಿಜವಾಗಿ ತಿನ್ನುತ್ತಿರುವುದು ಯಾವುದೆಂದು ಮೊದಲು ನೋಡಬಾರದೆ?